ಆರು ಗೀಟುಗಳ ಊರು

ಮಾಗಡಿ ತಾಲ್ಲೂಕಿನ ಕುದೂರು ನನ್ನ ತಾಯಿಯ ತವರೂರು. ಭೈರವದುರ್ಗದ ಬಂಡೆಗೆ ಹತ್ತಿರದಲ್ಲಿರುವ ಈ ಹೋಬಳಿಯ ಊರಿಗೆ ಹುಲಿಕಲ್ಲಿನ ಕಡೆಯಿಂದ ಬರುವವರನ್ನು ಇಂದಿಗೂ ಆಲದ ಸಾಲೊಂದು ಎದುರುಗೊಳ್ಳುತ್ತದೆ. ಸಾಲುಮರದ ತಿಮ್ಮಕ್ಕನೂ ಆಕೆಯ ಗಂಡ ಚಿಕ್ಕಯ್ಯನೂ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಸಾಲು ಅದು. ಆ ನೆರಳಿನಲ್ಲಿ ಸೋದರಮಾವನ ಮನೆಗೆ ನಡೆದುಹೋಗುತ್ತಿದ್ದುದು ನನ್ನ ಬಾಲ್ಯದ ಸುಖಗಳಲ್ಲೊಂದು.

ಮಾವ ಶಾಲಾಮಾಸ್ತರರು. ಅವರಿಗಿದ್ದ ಹುಚ್ಚು ಒಂದೇ: ಹೊಲಗಳ ಹೆಸರನ್ನು ಕೂಡಿಸುವುದು. ಪಹಣಿಯಲ್ಲಿ ಹೊಲವೆಂದರೆ ಒಂದು ಸರ್ವೆ ನಂಬರು. ಆದರೆ ಉಳುವವನ ಬಾಯಲ್ಲಿ ಪ್ರತಿಯೊಂದು ಹೊಲಕ್ಕೂ ಒಂದು ಹೆಸರುಂಟು. ಯಾವನೋ ಅಜ್ಜ ತೋಡಿಸಿದ ಬಾವಿಯೋ, ಯಾವುದೋ ಜಗಳವೋ, ಯಾರದೋ ಸಾವೋ ಆ ಹೆಸರಿನೊಳಗೆ ಅಡಗಿರುತ್ತದೆ. ರಾಜರ ಚರಿತ್ರೆಗೆ ಶಾಸನಗಳಿವೆ, ರೈತರ ಚರಿತ್ರೆಗೆ ಹೊಲದ ಹೆಸರೇ ಶಾಸನ ಎಂದು ಮಾವ ಹೇಳುತ್ತಿದ್ದರು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ (1905) ಮಾಗಡಿ ಸೀಮೆಯ ಶಾಸನಗಳು ಅಚ್ಚಾಗಿವೆಯಷ್ಟೆ. ಅದಕ್ಕೆ ತಮ್ಮದೊಂದು ಅನುಬಂಧ ಸೇರಿಸುವಂತೆ ಅವರು ಹಳ್ಳಿಯಿಂದ ಹಳ್ಳಿಗೆ ಸೈಕಲ್ಲಿನಲ್ಲಿ ಸುತ್ತಿ ಹೆಸರುಗಳನ್ನು ಬರೆದುಕೊಂಡು ಬಂದರು.

ಕಳೆದ ವರ್ಷ ಆ ಹಳೆಯ ಮನೆಯನ್ನು ಬಿಚ್ಚುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಮೂರೂವರೆ ಅಂಗುಲದ ನಾಲ್ಕು ಫ್ಲಾಪಿಗಳು. ಒಂದರ ಮೇಲೆ ಮಾವನ ದುಂಡು ಅಕ್ಷರದಲ್ಲಿ ‘ಹೊಲದ ಹೆಸರು, 1993’ ಎಂದು ಬರೆದಿದ್ದಿತು. ಅದನ್ನು ನೋಡಿ ನನಗೆ ಸಂತೋಷವಾಯಿತು ಎನ್ನುವುದಕ್ಕಿಂತ ಎದೆ ಧಸಕ್ಕೆಂದಿತು ಎನ್ನುವುದೇ ನಿಜ. ಕಾರಣವನ್ನು ಮುಂದೆ ಹೇಳುತ್ತೇನೆ.

ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ಎರವಲು ತಂದೆ. ನಾಲ್ಕರಲ್ಲಿ ಮೂರು ಫ್ಲಾಪಿಗಳು ಬೂಸಲು ಹಿಡಿದು ಹಾಳಾಗಿದ್ದವು. ನನ್ನ ಪುಣ್ಯಕ್ಕೆ 1993ರದು ಓದಿಸಿಕೊಂಡಿತು. ಇಂದಿನ ಗಣಕದೊಳಗೆ ಹಳೆಯ ಗಣಕದಂತೆ ನಟಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶವೊಂದಿದೆ. 2002ರಲ್ಲಿ ಮೊದಲು ಹೊರಬಂದದ್ದು. ಅದನ್ನು ತೆರೆದು ಮಾವನ ಕಡತವನ್ನು ಕರೆದೆ. ಕಪ್ಪು ತೆರೆಯ ಮೇಲೆ ಮೊದಲನೆಯ ಸಾಲು ಮೂಡಿತು. ಒಂದು ನಿಂತ ಗೀಟು. ಎಡ ಅರ್ಧ ತುಂಬಿದ ಒಂದು ಚೌಕ. ಒಂದು ಮಲಗಿದ ಗೀಟು. ಬಲ ಅರ್ಧ ತುಂಬಿದ ಒಂದು ಚೌಕ. ಜೋಡಿಯಾಗಿ ಮಲಗಿದ ಗೀಟುಗಳ ನೆತ್ತಿಯ ಮೇಲೊಂದು ಮೊಟಕು ಗೂಟ. ಪುನಃ ಎಡ ಅರ್ಧ ತುಂಬಿದ ಚೌಕ. ಮುರಿದ ಕಿಟಕಿಯ ಸರಳುಗಳ ಹಾಗೆ ಆರು ಗುರುತುಗಳು. ಅದರ ಕೆಳಗೆ ಪುಟದ ತುಂಬ ಅಂಥವೇ ಸರಳುಗಳು, ಚೌಕಗಳು, ನಡುನಡುವೆ ಗ್ರೀಕರ ಅಕ್ಷರಗಳು.

ಇದೇಕೆ ಹೀಗಾಯಿತು? ಈ ಪ್ರಶ್ನೆಯನ್ನು ಹಿಂಬಾಲಿಸಿ ಹೋದದ್ದರಿಂದ ನಮ್ಮ ಲಿಪಿಯ ಚರಿತ್ರೆಯ ಒಂದು ಅಧ್ಯಾಯ ನನಗೆ ತಿಳಿಯಿತು. ಅದು ತೀರ ಈಚಿನ ಚರಿತ್ರೆ. ಆದರೆ ಈಚಿನದೆಂಬ ಕಾರಣದಿಂದಲೇ ಅದನ್ನು ಯಾರೂ ಚರಿತ್ರೆಯೆಂದು ಎಣಿಸುವುದಿಲ್ಲ.

ಮೊದಲು ಕಚೇರಿಗಳಲ್ಲಿ ಗಣಕವಿದ್ದದ್ದು ಒಂದೆಡೆ, ಅದರ ಮುಂದೆ ಕುಳಿತು ಕೆಲಸ ಮಾಡುವವರು ಮತ್ತೊಂದೆಡೆ. ಎರಡರ ನಡುವೆ ತಂತಿ. ಕುಳಿತವನ ಮುಂದಿದ್ದ ತೆರೆ ಮತ್ತು ಕೀಲಿಮಣೆಗೆ ಟರ್ಮಿನಲ್ಲು ಎಂದು ಹೆಸರು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿ 1978ರಲ್ಲಿ ತಂದ ವಿಟಿ-100 ಎಂಬುದು ಇವುಗಳ ಪೈಕಿ ಬಹು ಪ್ರಸಿದ್ಧ. ಅದರ ತೆರೆಯಲ್ಲಿ 24 ಸಾಲು, ಸಾಲಿಗೆ 80 ಮನೆ; ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. ಚಿತ್ರ ಬರೆಯುವವರಿಗಾಗಿ ಟೆಕ್ಟ್ರಾನಿಕ್ಸ್ ಕಂಪನಿಯ ಬೇರೆಯ ಟರ್ಮಿನಲ್ಲುಗಳಿದ್ದವು. ಅವುಗಳ ಹಸುರು ತೆರೆಯಲ್ಲಿ ಒಮ್ಮೆ ಎಳೆದ ಗೆರೆ ಇಡೀ ತೆರೆಯನ್ನು ಒರೆಸುವವರೆಗೂ ಹಾಗೆಯೇ ನಿಲ್ಲುತ್ತಿದ್ದಿತು. ಈ ಯಂತ್ರಗಳೆಲ್ಲ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಆದರೆ ಅವುಗಳಿಗೆಂದು ಬರೆದ ಕಾರ್ಯಕ್ರಮಗಳು ಉಳಿದವು. ಆದ್ದರಿಂದ ಹೊಸ ಯಂತ್ರ ಹಳೆಯ ಯಂತ್ರದ ವೇಷ ಹಾಕಬೇಕಾಯಿತು. ಈ ವೇಷಧಾರಿ ತಂತ್ರಾಂಶಕ್ಕೆ ಎಮ್ಯುಲೇಟರು ಎನ್ನುತ್ತಾರೆ. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಎಂಬ ಎಮ್ಯುಲೇಟರು ವಿಟಿ ಟರ್ಮಿನಲ್ಲಿನ ವೇಷವನ್ನೂ ಹಾಕುತ್ತದೆ, ಟೆಕ್ಟ್ರಾನಿಕ್ಸಿನ ವೇಷವನ್ನೂ ಹಾಕುತ್ತದೆ.

ಬಯಲಾಟ ನೋಡಿದವರಿಗೆ ಈ ಮಾತು ಹೊಸದಲ್ಲ. ಕಿರೀಟ, ಭುಜಕೀರ್ತಿ, ಬಣ್ಣ ಎಲ್ಲ ಸರಿಯಾಗಿದ್ದು ಪದ ಹಾಡಲು ಬಾರದಿದ್ದರೆ ವೇಷ ನಿಲ್ಲುವುದಿಲ್ಲ. ಎಮ್ಯುಲೇಟರಿನ ಕಷ್ಟವೂ ಇದೇ. ಹಳೆಯ ಯಂತ್ರ ಏನು ಮಾಡುತ್ತದೆಂದು ಪುಸ್ತಕದಲ್ಲಿ ಬರೆದದ್ದನ್ನು ಅನುಕರಿಸುವುದು ಸುಲಭ. ಬರೆಯದೆ ರೂಢಿಯಲ್ಲಿದ್ದದ್ದನ್ನು, ಪಕ್ಕಕ್ಕೆ ಸಿಕ್ಕಿಸಿದ್ದ ಬೇರೊಂದು ಯಂತ್ರ ಮಾಡುತ್ತಿದ್ದುದನ್ನು ಅನುಕರಿಸುವುದು ಬಹು ಕಷ್ಟ. ಕನ್ನಡ ನಡೆಯುತ್ತಿದ್ದುದು ಇಂಥ ಪಕ್ಕದ ಯಂತ್ರದಿಂದ.

ಗಣಕದ ಒಳಗೆ ಅಕ್ಷರವಿಲ್ಲ, ಸಂಖ್ಯೆ ಮಾತ್ರ ಇದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವೇ ಬರವಣಿಗೆ. ಅಮೆರಿಕನರು 1963ರಲ್ಲಿ ಆಸ್ಕಿ ಎಂಬ ಒಪ್ಪಂದ ಮಾಡಿಕೊಂಡು 0ಯಿಂದ 127ರವರೆಗಿನ ಸಂಖ್ಯೆಗಳನ್ನು ಇಂಗ್ಲೀಷಿಗೂ ಯಂತ್ರದ ಅಪ್ಪಣೆಗಳಿಗೂ ಹಂಚಿಕೊಂಡರು. 128ರಿಂದ 255ರವರೆಗಿನ ಮೇಲಿನ ಅರ್ಧ ಬೀಳಾಗಿದ್ದಿತು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಆ ಬೀಳು ನೆಲಕ್ಕೆ ಯೂರೋಪಿನ ಅಕ್ಷರಗಳನ್ನೂ ಪಟ್ಟಿ ಎಳೆಯುವ ಗೀಟುಗಳನ್ನೂ ಗ್ರೀಕ್ ಅಕ್ಷರಗಳನ್ನೂ ತುಂಬಿದರು. ನನ್ನ ತೆರೆಯ ಮೇಲೆ ಕಂಡ ಕಿಟಕಿ ಸರಳುಗಳು ಇವೇ.

ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಯವರು ದೇವನಾಗರಿಯಲ್ಲಿ ನಡೆಯುವ ಟರ್ಮಿನಲ್ಲೊಂದನ್ನು ಮಾಡಿ 1983ರಲ್ಲಿ ದಿಲ್ಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ತೋರಿಸಿದರು. ಆ ಕೆಲಸ ಬೆಳೆದು ಜಿಸ್ಟ್ ಎಂಬ ಹೆಸರು ಪಡೆಯಿತು. 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆ ಅದನ್ನು ಮುಂದುವರಿಸಿತು. ಜಿಸ್ಟ್ ಟರ್ಮಿನಲ್ಲು ಗಣಕದ ಎದುರಿಗೆ ತಾನು ವಿಟಿ ಮಾದರಿಯದೇ ಎಂಬಂತೆ ನಡೆದುಕೊಳ್ಳುತ್ತಿದ್ದಿತು. ನೋಡುವವನಿಗೆ ಮಾತ್ರ ಕನ್ನಡವನ್ನೋ ತೆಲುಗನ್ನೋ ಬರೆದು ತೋರಿಸುತ್ತಿದ್ದಿತು. ಎಂದರೆ ಅದೂ ಒಬ್ಬ ವೇಷಧಾರಿಯೇ. ಪಿಸಿಗಳಿಗಾಗಿ ಜಿಸ್ಟ್ ಕಾರ್ಡು ಎಂಬ ಹಲಗೆ ಬಂದಿತು. ಅದನ್ನು ಪೆಟ್ಟಿಗೆಯ ಒಳಗೆ ಸಿಕ್ಕಿಸಿದರೆ ಡಿಬೇಸ್, ಲೋಟಸ್, ವರ್ಡ್‌ಸ್ಟಾರ್ ಮೊದಲಾದ ಇಂಗ್ಲೀಷ್ ತಂತ್ರಾಂಶಗಳು ತಮಗೇ ತಿಳಿಯದಂತೆ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದವು. ಮಾವ 1993ರಲ್ಲಿ ಬೇಸಗೆ ರಜೆಯಲ್ಲಿ ಬೆಂಗಳೂರಿಗೆ ಬಂದು, ಸ್ನೇಹಿತರೊಬ್ಬರ ಕಚೇರಿಯಲ್ಲಿ ಸಂಜೆ ಹೊತ್ತು ಕುಳಿತು, ಇಂಥದೊಂದು ಯಂತ್ರದಲ್ಲಿ ತಮ್ಮ ಪಟ್ಟಿಯನ್ನು ಒಂದೊಂದೇ ಬೆರಳಿನಿಂದ ಬಡಿದಿದ್ದರು.

ಇಷ್ಟು ತಿಳಿದ ಮೇಲೆ ರೋಗದ ಮೂಲ ಗೊತ್ತಾಯಿತು. ಡಾಸ್‌ಬಾಕ್ಸ್ ಪಿಸಿಯ ವೇಷವನ್ನು ಚೆನ್ನಾಗಿಯೇ ಹಾಕುತ್ತದೆ. ಅದರ ಬಗೆಬಗೆಯ ತೆರೆಗಳನ್ನೂ ಅನುಕರಿಸುತ್ತದೆ. ಆದರೆ ಪುಣೆಯಿಂದ ಬಂದು ಆ ಪಿಸಿಯೊಳಗೆ ಕುಳಿತಿದ್ದ ಹಲಗೆ ಅದಕ್ಕೆ ಗೊತ್ತಿಲ್ಲ. ಕನ್ನಡದ ಆಕಾರಗಳೂ ಒತ್ತಕ್ಷರ ಕಟ್ಟುವ ಕ್ರಮವೂ ಹಲಗೆಯ ಜೊತೆಗೇ ಹೋಗಿಬಿಟ್ಟವು. ಉಳಿದದ್ದು ಬರಿಯ ಸಂಖ್ಯೆಗಳು; ಅವುಗಳನ್ನು ಎಮ್ಯುಲೇಟರು ಅಮೆರಿಕದ ಒಪ್ಪಂದದಂತೆ ಓದಿ ಗೀಟುಗಳನ್ನು ಎಳೆಯುತ್ತಿದ್ದಿತು.

ಹಾಗಾದರೆ ಆ ಸಂಖ್ಯೆಗಳ ಅರ್ಥವೇನು? ಇಲ್ಲಿಯೇ ನಮ್ಮವರ ಒಂದು ದೊಡ್ಡ ವಿವೇಕವನ್ನು ನೆನೆಯಬೇಕು. ಜಿಸ್ಟಿನಲ್ಲಿ ಬಳಸಿದ ಒಪ್ಪಂದಕ್ಕೆ ಇಸ್ಕಿ ಎಂದು ಹೆಸರು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅದನ್ನು ಐಎಸ್ 13194 ಎಂಬ ಮಾನಕವಾಗಿ ಪ್ರಕಟಿಸಿತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು, ವರ್ಣಮಾಲೆಯ ಕ್ರಮ ಎಲ್ಲಕ್ಕೂ ಒಂದೇ ಎಂಬುದನ್ನು ನೆಚ್ಚಿ ಅವರು ಒಂದೊಂದು ಧ್ವನಿಗೆ ಒಂದೊಂದು ಸಂಖ್ಯೆ ಕೊಟ್ಟರು. 179 ಎಂದರೆ ಕಕಾರ. ಕನ್ನಡದಲ್ಲಿಯೂ ಅಷ್ಟೇ, ಬಂಗಾಳಿಯಲ್ಲಿಯೂ ಅಷ್ಟೇ. ಅದನ್ನು ಯಾವ ಲಿಪಿಯಲ್ಲಿ ಬರೆಯಬೇಕೆಂಬುದು ಟರ್ಮಿನಲ್ಲಿನ ಕೆಲಸ. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. ವ್ಯಂಜನ, ಹಲಂತ, ವ್ಯಂಜನ ಎಂದು ನಾವು ಶಾಲೆಯಲ್ಲಿ ಬಿಡಿಸಿ ಬರೆದಂತೆಯೇ ಬರೆಯುವುದು.

ಇಸ್ಕಿಯ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದು ಕಾಗದದ ಮೇಲೆ ಆ ಆರು ಗುರುತುಗಳ ಸಂಖ್ಯೆಗಳನ್ನು ಬರೆದೆ. 179, ಕ. 221, ಉಕಾರದ ಗುಣಿತ. 196, ದ. 222, ಊಕಾರದ ಗುಣಿತ. 207, ರ. 221, ಪುನಃ ಉಕಾರ. ಕುದೂರು! ಮುರಿದ ಕಿಟಕಿಯ ಸರಳುಗಳ ಹಿಂದೆ ನಮ್ಮ ಊರು ಕುಳಿತಿದ್ದಿತು. ಚಿಕ್ಕಮಗು ಮೊದಲ ಬಾರಿಗೆ ಅಂಗಡಿಯ ಬೋರ್ಡು ಓದಿದಾಗ ಪಡುವ ಸಂತೋಷ ನನಗೆ ಈ ವಯಸ್ಸಿನಲ್ಲಿ ಇನ್ನೊಮ್ಮೆ ಆಯಿತು.

ಉಳಿದದ್ದನ್ನು ಕೈಯಿಂದ ಬಿಡಿಸಬೇಕಾಗಲಿಲ್ಲ. ಸಂಖ್ಯೆ ಬದಲಾಯಿಸುವ ಚಿಕ್ಕ ಕಾರ್ಯಕ್ರಮವೊಂದನ್ನು ನನ್ನ ಮಗಳು ಅರ್ಧ ಗಂಟೆಯಲ್ಲಿ ಬರೆದುಕೊಟ್ಟಳು. ಆದರೂ ಎಲ್ಲವೂ ನೆಟ್ಟಗೆ ಬಂದಿತೆನ್ನಲಾರೆ. ಮಾವ ಹೊಲದ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ಎಂದು ಮೂರು ಅಂಕಣ ಮಾಡಿದ್ದರು. ಹೊಸ ತೆರೆಯಲ್ಲಿ ಅಂಕಣಗಳು ಕುಡಿದವನ ನಡಿಗೆಯಂತೆ ಅತ್ತಿತ್ತ ವಾಲಿದವು. ಟರ್ಮಿನಲ್ಲುಗಳ ಲೋಕ ಒಂದು ಸಂಖ್ಯೆಗೆ ಒಂದು ಮನೆ ಎಂದು ನಂಬಿಕೊಂಡದ್ದು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸ, ಹಲಂತ, ತ, ಹಲಂತ, ರ, ಈಕಾರ ಎಂದು ಆರು ಸಂಖ್ಯೆಗಳಾಗುತ್ತವೆ. ಆದರೆ ಅದು ಕೂಡುವುದು ಆರು ಮನೆಗಳಲ್ಲಲ್ಲ. ಎಷ್ಟು ಮನೆ ಬೇಕೆಂದು ಲೆಕ್ಕ ಹಾಕುತ್ತಿದ್ದುದು ಆ ಹಲಗೆ; ಆ ಲೆಕ್ಕ ಕಡತದಲ್ಲಿ ಇಲ್ಲ. ಇಂದಿನ ಟರ್ಮಿನಲ್ ಎಮ್ಯುಲೇಟರುಗಳಲ್ಲಿಯೂ ಕನ್ನಡದ ಅಂಕಣಗಳು ಹೀಗೆ ವಾಲುವುದನ್ನು ನೋಡಬಹುದು. ವಿಟಿ-100ರ ಎಂಬತ್ತು ಮನೆಗಳ ನೆರಳು ಇನ್ನೂ ನಮ್ಮ ಮೇಲಿದೆ.

ವರ್ಡ್‌ಸ್ಟಾರಿನದು ಇನ್ನೊಂದು ಜಗಳ. ಅದರ ಹಳೆಯ ಆವೃತ್ತಿಗಳಲ್ಲಿ ಪ್ರತಿಯೊಂದು ಪದದ ಕೊನೆಯ ಅಕ್ಷರಕ್ಕೆ ಗುರುತು ಹಾಕಲು ಸಂಖ್ಯೆಯ ಎಂಟನೆಯ ಬಿಟ್ಟನ್ನು ಬಳಸಿಕೊಳ್ಳುತ್ತಿದ್ದರು. ಇಂಗ್ಲೀಷಿಗೆ ಅದು ಬೇಕಿರಲಿಲ್ಲವಷ್ಟೆ. ಆದರೆ ಮೇಲಿನ ಅರ್ಧದಲ್ಲಿ ಮನೆ ಮಾಡಿಕೊಂಡಿದ್ದ ಕನ್ನಡಕ್ಕೆ ಆ ಬಿಟ್ಟೇ ಪ್ರಾಣ. ಒಂದೇ ಬದುವಿಗೆ ಇಬ್ಬರು ಒಡೆಯರಾದ ಹಾಗಾಯಿತು. ಮಾವ ಪಟ್ಟಿಯನ್ನು ಅದರಲ್ಲಿ ಬರೆಯದೆ ಡಿಬೇಸಿನಲ್ಲಿ ಬರೆದಿದ್ದರಿಂದ ನಾವು ಈ ವ್ಯಾಜ್ಯದಿಂದ ಪಾರಾದೆವು.

ಈಗ ನನ್ನ ಎದೆ ಏಕೆ ಧಸಕ್ಕೆಂದಿತು ಎಂಬ ವಿಷಯಕ್ಕೆ ಬರುತ್ತೇನೆ. 1993ರ ಪಟ್ಟಿ ಮೊದಲನೆಯದು, ಚಿಕ್ಕದು. ಮಾವ ಆಮೇಲೆ ಏಳೆಂಟು ವರ್ಷ ಇನ್ನೂ ಸುತ್ತಿದರು. 2001ರಲ್ಲಿ ದೊಡ್ಡ ಪಟ್ಟಿಯೊಂದನ್ನು ಆಗಿನ ಹೊಸ ರೀತಿಯ ಕನ್ನಡ ತಂತ್ರಾಂಶದಲ್ಲಿ ಬಡಿಸಿ, ಸಿಡಿಯೊಂದನ್ನು ನನ್ನ ಕೈಗೆ ಕೊಟ್ಟು, “ಇದನ್ನು ಕಾಪಾಡು” ಎಂದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

ಆ ಹೊಸ ರೀತಿಯ ವಿಚಾರ ಸ್ವಲ್ಪ ಹೇಳಬೇಕು. ವಿಂಡೋಸ್ ಬಂದ ಮೇಲೆ ಅಕ್ಷರಗಳನ್ನು ಹಲಗೆಯ ಹಂಗಿಲ್ಲದೆ ಗಣಕವೇ ಚಿತ್ರದಂತೆ ಬರೆಯತೊಡಗಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಹೀಗೆ ಒಂದಾದ ಮೇಲೊಂದು ಬಂದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಆಧಾರದ ಮೇಲೆ ಸರ್ಕಾರವೂ ಒಂದು ಕೀಲಿಮಣೆಯನ್ನು ಒಪ್ಪಿತು. ಕನ್ನಡಿಗರು ಗಣಕದ ಮುಂದೆ ನಿರ್ಭಯವಾಗಿ ಕುಳಿತದ್ದು ಈ ಕಾಲದಲ್ಲಿ. ಪತ್ರಿಕೆಗಳೂ ಪುಸ್ತಕಗಳೂ ಮದುವೆಯ ಕಾಗದಗಳೂ ಇವುಗಳಿಂದಲೇ ಅಚ್ಚಾದವು. ಇವರ ಉಪಕಾರವನ್ನು ಮರೆಯತಕ್ಕದ್ದಲ್ಲ.

ಆದರೆ ಇವು ಕಡತದಲ್ಲಿ ಇಟ್ಟದ್ದು ಧ್ವನಿಯನ್ನಲ್ಲ, ಆಕಾರವನ್ನು. ಇಂಗ್ಲೀಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು ಇವುಗಳ ಉಪಾಯ. ಬರಹ ಮತ್ತು ನುಡಿಯ ಹಳೆಯ ಫಾಂಟುಗಳಲ್ಲಿ ದೊಡ್ಡ ‘ಪಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಚಿಕ್ಕ ‘ಝಡ್’ ಮನೆಯಲ್ಲಿ ತಲೆಕಟ್ಟಿಲ್ಲದ ದ, ಚಿಕ್ಕ ‘ಜಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ರ, 192ನೆಯ ಮನೆಯಲ್ಲಿ ಬರಿಯ ತಲೆಕಟ್ಟು. ಇಸ್ಕಿಯಲ್ಲಿ ಆರು ಸಂಖ್ಯೆಗಳಿಂದ ಆಗುವ ಕುದೂರು ಇಲ್ಲಿ ಒಂಬತ್ತು ಸಂಖ್ಯೆಗಳಾಗುತ್ತದೆ. ಕರ್ನಾಟಕ ಎಂದು ಬರೆದರೆ ರಕಾರ ತನ್ನ ಜಾಗ ಬಿಟ್ಟು, ‘ನಾ’ ಆದ ಮೇಲೆ ಅರ್ಕಾವತ್ತಾಗಿ ಕೂಡುತ್ತದೆ. ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ. ಒಂದೇ ಸಂಖ್ಯೆಯ ಅವಸ್ಥೆಯನ್ನು ನೋಡಿ: 196 ಎಂದರೆ ಇಸ್ಕಿಯಲ್ಲಿ ದಕಾರ, ಐಬಿಎಂ ಪಿಸಿಯಲ್ಲಿ ಮಲಗಿದ ಗೀಟು, ನುಡಿಯಲ್ಲಿ ಕೊಂಬು. ಮೇಲಾಗಿ ಬೇರೆ ಬೇರೆ ತಯಾರಕರ ಫಾಂಟುಗಳಲ್ಲಿ ಬೇರೆ ಬೇರೆ ಲೆಕ್ಕ. ಫಾಂಟು ಕಳೆದರೆ ಬರವಣಿಗೆಯೂ ಕಳೆಯಿತು.

ಹತ್ತು-ಹದಿನೈದು ವರ್ಷ ಕನ್ನಡದ ಬಹುಪಾಲು ಬರವಣಿಗೆ ಈ ಆಕಾರಗಳಲ್ಲಿಯೇ ನಡೆಯಿತು. ಈ ನಡುವೆ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಒಪ್ಪಂದವಾದ ಯುನಿಕೋಡು ಬಂದಿದ್ದಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದಿತು. ನಮ್ಮ ಲಿಪಿಗಳ ಏರ್ಪಾಡನ್ನು ಅವರು ತೆಗೆದುಕೊಂಡದ್ದು 1988ರ ಇಸ್ಕಿಯಿಂದ. ಆದರೆ ಒಪ್ಪಂದವಿದ್ದರೆ ಸಾಲದು, ಅದನ್ನು ಓದಿ ಬರೆಯುವ ಯಂತ್ರ ಬೇಕು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಫಾಂಟು ಬರುವವರೆಗೆ ಸಾಮಾನ್ಯನ ಗಣಕದಲ್ಲಿ ಅದು ಕನ್ನಡಕ್ಕೆ ಒದಗಲಿಲ್ಲ. ಹೀಗೆ ಧ್ವನಿಯಿಂದ ಹೊರಟ ನಾವು ಆಕಾರದ ಊರಿನಲ್ಲಿ ಬಹುಕಾಲ ತಂಗಿದ್ದು ಪುನಃ ಧ್ವನಿಗೆ ಮರಳಿದೆವು. ಯುನಿಕೋಡೂ ನಿರ್ದೋಷಿಯಲ್ಲ. ಹಳಗನ್ನಡದ ‘ೞ’ ಅಕ್ಷರಕ್ಕೆ ಅವರು ತಿಳಿಯದೆ ‘ಫ’ ಎಂಬ ಅರ್ಥದ ಹೆಸರಿಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದದ್ದು ಅಡ್ಡಹೆಸರಾಗಿ ಪಕ್ಕಕ್ಕೆ ಸೇರಿದೆ. ಆದರೆ ತಪ್ಪಿರುವುದು ಹೆಸರಿನಲ್ಲಿ, ಅಕ್ಷರ ಕೆಟ್ಟಿಲ್ಲ.

ಮಾವನ ಸಿಡಿಯನ್ನು ನಾನು ಯುನಿಕೋಡಿಗೆ ತಿರುಗಿಸಿದ್ದು ಸುಮಾರು 15 ವರ್ಷಗಳ ಕೆಳಗೆ. ಎಲ್ಲಿಯೋ ಸಿಕ್ಕ ಪರಿವರ್ತಕವೊಂದಕ್ಕೆ ಕಡತವನ್ನು ಒಪ್ಪಿಸಿದೆ. ಅದು ಬೇರೆ ಫಾಂಟಿಗಾಗಿ ಮಾಡಿದ್ದು ಎಂಬುದನ್ನು ವಿಚಾರಿಸಲಿಲ್ಲ. ಮೊದಲ ಪುಟ ಚೆನ್ನಾಗಿ ಕಂಡಿತು. ಕೆಲಸ ಮುಗಿಯಿತೆಂದುಕೊಂಡು, ಗೀರು ಬಿದ್ದಿದ್ದ ಸಿಡಿಯನ್ನು ಹೊರಗೆ ಹಾಕಿದೆ. ಪರಿವರ್ತಕದ ಪಟ್ಟಿಯಲ್ಲಿ ಇರದಿದ್ದ ಸಂಖ್ಯೆಗಳನ್ನು ಅದು ಸದ್ದಿಲ್ಲದೆ ನುಂಗಿತ್ತೆಂದು ತಿಳಿದದ್ದು ಬಹುಕಾಲದ ಮೇಲೆ. ತ-ಒತ್ತು ಹೋಗಿದ್ದಿತು, ಯ-ಒತ್ತು ಹೋಗಿದ್ದಿತು, ಇನ್ನೂ ಕೆಲವು ಒತ್ತುಗಳು ಹೋಗಿದ್ದವು. ತಪ್ಪು ನನ್ನದೇ; ಮೂಲವನ್ನು ಎಸೆದ ಮೇಲೆ ಯಂತ್ರವನ್ನು ದೂರಿ ಫಲವೇನು?

ಬಹುಪಾಲು ಹೆಸರುಗಳನ್ನು ಊಹೆಯಿಂದ ತಿದ್ದಬಹುದಾಗಿದ್ದಿತು. ‘ಮುತಯನ ಕಟ್ಟೆ’ ಎಂದಿದ್ದರೆ ಮುತ್ತಯ್ಯನ ಕಟ್ಟೆ ಎಂದು ಯಾರಾದರೂ ಹೇಳಿಯಾರು. ಆದರೆ ಒಂದು ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಹೋಬಳಿಯ ಒಂದು ಚಿಕ್ಕ ಹಳ್ಳಿಯ ಹೊಲ. ಪಟ್ಟಿಯಲ್ಲಿ ‘ಸತಮ್ಮನ ಹೊಲ’ ಎಂದು ಉಳಿದಿದ್ದಿತು. ಕಳೆದ ಒತ್ತು ಯಕಾರದ್ದಾದರೆ ಅದು ಸತ್ಯಮ್ಮನ ಹೊಲ: ಸತ್ಯಮ್ಮನೆಂಬ ಒಡತಿಯೊಬ್ಬಳಿದ್ದಳು, ಅಷ್ಟೆ. ತಕಾರದ್ದಾದರೆ ಸತ್ತಮ್ಮನ ಹೊಲ: ಅಲ್ಲಿ ಒಬ್ಬ ಹೆಂಗಸು ಸತ್ತಿದ್ದಳು, ಹೆಸರಿಲ್ಲದ ಅವಳ ಸಾವನ್ನೇ ಊರು ಹೊಲಕ್ಕೆ ಹೆಸರಾಗಿ ಇಟ್ಟುಕೊಂಡಿದ್ದಿತು. ಎರಡರ ನಡುವೆ ಇರುವುದು ಒಂದು ಒತ್ತು. ಆ ಒತ್ತನ್ನು ಕಳೆದವನು ನಾನು.

ಆ ಹಳ್ಳಿಗೆ ಹೋಗಿ ಕೇಳಿದೆ. ಹೊಲ ಈಗ ಹೊಲವಾಗಿಲ್ಲ. ಕಲ್ಲು ನೆಟ್ಟು ನಿವೇಶನಗಳಾಗಿ ಹಂಚಿದ್ದಾರೆ. ಇಬ್ಬರು ಹಿರಿಯರು ಸತ್ಯಮ್ಮನೇ ಇದ್ದಿರಬೇಕು ಎಂದರು. ಒಬ್ಬಾಕೆ, “ಆ ಹೆಸರೇ ನಾನು ಕೇಳಿಲ್ಲ” ಎಂದಳು. ಪಹಣಿಯಲ್ಲಿ ನಂಬರಿದೆ, ಹೆಸರಿಲ್ಲ. ಕೈಬರಹದ ಪಹಣಿಗಳು ಹೋಗಿ, ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿವೆ. ಏರಿಸಿದ ಕಾಲಕ್ಕೆ 67 ಲಕ್ಷ ರೈತರ ಹಕ್ಕು ಅವುಗಳಲ್ಲಿದ್ದಿತು. ಆ ಲೆಕ್ಕಕ್ಕೆ ಹೊಲದ ಅಡ್ಡಹೆಸರು ಬೇಡ. ಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಆ ಹೆಸರನ್ನು ಕೇಳಿ ಬರೆದುಕೊಂಡಿದ್ದವರು ಒಬ್ಬರೇ, ಅವರು ಅದನ್ನು ಒಪ್ಪಿಸಿದ್ದು ನನಗೆ.

ಆದ್ದರಿಂದಲೇ ಬಿಸ್ಕತ್ತಿನ ಡಬ್ಬಿ ಕಂಡಾಗ ಸಂತೋಷಕ್ಕಿಂತ ಭಯವಾದದ್ದು. ಆ ಹೊಲ 1993ರ ಚಿಕ್ಕ ಪಟ್ಟಿಯಲ್ಲಿ ಇದೆಯೋ ಇಲ್ಲವೋ! ಮಗಳ ಕಾರ್ಯಕ್ರಮವನ್ನು ನಾನು ತಕ್ಷಣ ನಂಬಲಿಲ್ಲ. ಒಮ್ಮೆ ಪರಿವರ್ತಕವನ್ನು ನಂಬಿ ಕೆಟ್ಟವನಲ್ಲವೆ? ಸರ್ವೆ ನಂಬರು ಇಂಗ್ಲೀಷ್ ಅಂಕಿಯಲ್ಲಿ ಇದ್ದುದರಿಂದ ಅದನ್ನು ಹಿಡಿದು, ಕಪ್ಪು ತೆರೆಯ ಗೀಟುಗಳ ಕಾಡಿನಲ್ಲಿಯೇ ಆ ಸಾಲನ್ನು ಹುಡುಕಿದೆ. ಸಿಕ್ಕಿತು. ಸಕಾರದ ಗುರುತು ಆದ ಮೇಲೆ ‘ಟಿ’ಯ ಆಕಾರದ ಒಂದು ಗೀಟು, ಗ್ರೀಕರ ಫೈ ಅಕ್ಷರ, ಆಮೇಲೆ ಪುನಃ ಅದೇ ‘ಟಿ’ಯ ಗೀಟು. 194, 232, 194. ತ, ಹಲಂತ, ತ. ಯಕಾರವಾಗಿದ್ದರೆ ಕೊನೆಯಲ್ಲಿ 205, ಮಲಗಿದ ಎರಡು ಗೀಟುಗಳು ಬರಬೇಕಾಗಿದ್ದಿತು. ಬಂದಿರಲಿಲ್ಲ.

ಸತ್ತಮ್ಮನ ಹೊಲ.

ಕನ್ನಡದ ಒಂದಕ್ಷರವನ್ನೂ ತೋರಿಸಲಾರದ ಆ ತೆರೆ ನನಗೆ ಕನ್ನಡದ ಒಂದು ಒತ್ತನ್ನು ತೋರಿಸಿಕೊಟ್ಟಿತು. ಹಲಗೆ ಹೋಗಿದ್ದರೂ ಟರ್ಮಿನಲ್ಲು ಹೋಗಿದ್ದರೂ ಧ್ವನಿಯನ್ನು ಧ್ವನಿಯಾಗಿ ಬರೆದಿಟ್ಟಿದ್ದರಿಂದ, ಒಪ್ಪಂದದ ಪಟ್ಟಿ ಪುಸ್ತಕದಲ್ಲಿ ಅಚ್ಚಾಗಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಅದಕ್ಕಿಂತ ಎಂಟು ವರ್ಷ ಹೊಸದಾದ, ನೋಡಲು ಅದಕ್ಕಿಂತ ಎಷ್ಟೋ ಚೆಲುವಾದ ಕಡತ ಒಗಟಾಗಿ ಹೋಯಿತು. ಆ ಹೆಂಗಸು ಯಾರು, ಹೇಗೆ ಸತ್ತಳು, ಹಸಿವಿನಿಂದಲೋ, ಹೆರಿಗೆಯಲ್ಲೋ, ಮಾವ ಬರೆದಿಲ್ಲ. ಆದರೆ ಒಬ್ಬಳು ಇದ್ದಳು ಎಂಬಷ್ಟು ಈಗ ಉಳಿಯಿತು.

ನಮ್ಮ ಮನೆಗಳ ಅಟ್ಟಗಳಲ್ಲಿ, ಸಂಘಸಂಸ್ಥೆಗಳ ಬೀರುಗಳಲ್ಲಿ ಇಂಥ ಫ್ಲಾಪಿಗಳೂ ಸಿಡಿಗಳೂ ಎಷ್ಟಿವೆಯೋ! ಎಮ್ಯುಲೇಟರುಗಳು ಹಳೆಯ ಯಂತ್ರವನ್ನು ಎಬ್ಬಿಸಿ ಕೂಡಿಸಿಯಾವು. ಅದು ಆಡಿದ ಮಾತಿನ ಅರ್ಥ ತಿಳಿಯಬೇಕಾದರೆ ಯಾವ ತಂತ್ರಾಂಶ, ಯಾವ ಫಾಂಟು, ಯಾವ ವರ್ಷ ಎಂದು ಒಂದು ಚೀಟಿಯಾದರೂ ಜೊತೆಗಿರಬೇಕು. ತಿರುಗಿಸಿದ ಮೇಲೂ ಮೂಲವನ್ನು ಎಸೆಯಬಾರದು. ನನಗೆ ತಡವಾಗಿ ಬಂದ ಈ ಬುದ್ಧಿ ವಾಚಕರಲ್ಲಿ ಕೆಲವರಿಗಾದರೂ ಬೇಗ ಬರಲಿ.

ಕುದೂರಿನಿಂದ ಹಿಂದಿರುಗುವಾಗ ಹುಲಿಕಲ್ಲಿನ ದಾರಿ ಹಿಡಿದೆ. ಆಲದ ಸಾಲಿನ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ತಿಮ್ಮಕ್ಕ ಗಿಡ ನೆಟ್ಟಳೆಂದು ಎಲ್ಲರೂ ಹೇಳುತ್ತಾರೆ. ನೆಟ್ಟವರು ಬೇಕಾದಷ್ಟು ಜನರಿದ್ದಾರೆ. ಬೇಸಗೆ ಬೇಸಗೆಗೂ ಹಿಂತಿರುಗಿ ಬಂದು ನೀರು ಹೊಯ್ದವರು ಕಡಿಮೆ. ಮನೆಗೆ ಬಂದು ಮಾವನ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿದೆ. ಕೊನೆಯ ಪುಟದಲ್ಲಿ ಇಸ್ಕಿಯ ಸಂಖ್ಯೆಗಳ ಪಟ್ಟಿಯನ್ನೂ ಸೇರಿಸಿ, ಒಂದು ಪ್ರತಿಯನ್ನು ಫ್ಲಾಪಿಯ ಜೊತೆಗೆ ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.